ಭಟ್ಟಿ ಪಕ್ಕದ ಮನೆಯ ಹೆಡ್‌ಫೋನ್

ಸುಧಾಳಿಗೆ ತನ್ನ ಕಿವಿಯ ಮೇಲಿದ್ದ ಜಂಬ ಅಷ್ಟಿಷ್ಟಲ್ಲ. ಒಬ್ಬೊಬ್ಬರಿಗೆ ಉದ್ದ ಜಡೆಯ ಮೇಲೆ, ಒಬ್ಬೊಬ್ಬರಿಗೆ ಕೈರುಚಿಯ ಮೇಲೆ ಇರುತ್ತದಲ್ಲ, ಇವಳಿಗೆ ಕಿವಿಯ ಮೇಲೆ. ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಮೊಬೈಲ್ ಅಂಗಡಿಯಲ್ಲಿ ಬೆಳಗ್ಗೆ ಒಂಬತ್ತರಿಂದ ಎರಡರವರೆಗೆ ಕೌಂಟರಿನ ಹಿಂದೆ ನಿಂತು ಕವರು, ಚಾರ್ಜರು ಮಾರುತ್ತಿದ್ದಳು. ಮನೆಗೆ ಬಂದು ಉಂಡು ಕೂತಳೆಂದರೆ ಆಮೇಲೆ ಅವಳದೇ ರಾಜ್ಯ. ಯೂಟ್ಯೂಬಿನಲ್ಲಿ ಒಂದು ಚಾನೆಲ್ಲು, ಅದಕ್ಕೆ ಹನ್ನೊಂದು ಸಾವಿರ ಜನ. ಬಡವರ ಕೈಗೆ ಎಟುಕುವ ಹೆಡ್‌ಫೋನುಗಳನ್ನು ತರಿಸಿ, ವಾರಗಟ್ಟಲೆ ಕೇಳಿ, ಯಾವುದರಲ್ಲಿ ತಬಲ ಎಣ್ಣೆಡಬ್ಬದಂತೆ ಕೇಳುತ್ತದೆ, ಯಾವುದರಲ್ಲಿ ಹಾಡುವವರಿಗೆ ನೆಗಡಿ ಹಿಡಿದಂತೆ ಕೇಳುತ್ತದೆ ಅಂತ ಊರ ಮಾತಿನಲ್ಲೇ ಬಿಡಿಸಿ ಹೇಳುವಳು. ಅಷ್ಟಕ್ಕೇ ಬಿಡುವವಳೂ ಅಲ್ಲ. ಫೋನಿನೊಳಗೆ ಈಕ್ವಲೈಸರ್ ಅಂತ ಇರುತ್ತದಲ್ಲ, ಸಾಲಾಗಿ ನಿಂತ ಪಟ್ಟಿಗಳು, ದಪ್ಪ ದನಿಗೆ ಎಡಗಡೆಯವು, ತೆಳು ದನಿಗೆ ಬಲಗಡೆಯವು. ಅವನ್ನು ಮೇಲೆ ಕೆಳಗೆ ಸರಿಸಿ ಆ ಹೆಡ್‌ಫೋನಿನ ಕುಂದು ತುಂಬುವ ಅಳತೆಯನ್ನೂ ಕೊಟ್ಟುಬಿಡುವಳು. ಹಾಗೇ ಹಾಕಿಕೊಂಡು ಕೇಳಿ ಆಮೇಲೆ ನನ್ನ ಹೆಸರು ಹೇಳ್ರಿ ಅನ್ನುವುದು ಪ್ರತಿ ವಿಡಿಯೊದ ಕೊನೆಯ ಮಾತು. ಜನ ಹೇಳುತ್ತಲೂ ಇದ್ದರು.

ಈ ರಾಮಾಯಣಕ್ಕೆಲ್ಲ ಕಾರಣವಾದದ್ದು ಎರಡೂವರೆ ಸಾವಿರ ರೂಪಾಯಿಯ ಒಂದು ಓಪನ್ ಬ್ಯಾಕ್ ಹೆಡ್‌ಫೋನು. ಅಂದರೆ ಕಿವಿಯ ಮೇಲೆ ಕೂರುವ ಬಟ್ಟಲಿನ ಬೆನ್ನಿಗೆ ಮುಚ್ಚಳ ಇಲ್ಲ, ಬರೀ ಜಾಲರಿ. ಒಳಗಿನ ಹಾಡು ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ, ಹೊರಗಿನ ಸದ್ದು ಹಾಕಿಕೊಂಡವರಿಗೂ ಕೇಳುತ್ತದೆ. ಬಸ್ಸಿನಲ್ಲಿ ಹಾಕಿಕೊಂಡರೆ ಬೈಸಿಕೊಳ್ಳಬೇಕಷ್ಟೆ. ಆದರೆ ಮನೆಯಲ್ಲಿ ಕೂತು ಕೇಳುವವರಿಗೆ ಅದರ ಸುಖವೇ ಬೇರೆ. ಕಿವಿ ಬೆವರುವುದಿಲ್ಲ, ಹಾಡು ತಲೆಯೊಳಗೆ ಕೂತು ಗುದ್ದುವುದಿಲ್ಲ, ಎದುರುಮನೆ ಜಗಲಿಯ ಮೇಲೆ ಕೂತು ಯಾರೋ ಹಾಡಿದಂತೆ ಇರುತ್ತದೆ. ಸುಧಾ ಅಲ್ಲಿಯವರೆಗೆ ನೋಡಿದ್ದೆಲ್ಲ ಮುಚ್ಚಿದ ಬಟ್ಟಲಿನವು, ಇದೇ ಮೊದಲನೆಯ ಓಪನ್ ಬ್ಯಾಕು. ಹಾಕಿಕೊಂಡವಳು ತೆಗೆಯಲೇ ಇಲ್ಲ. ಅವಳಿಗೆ ಇನ್ನೊಂದು ಅನುಕೂಲವೂ ಆಯಿತು. ಆ ಮನೆಗೆ ಕಿವಿ ಅಂದರೆ ಅವಳೊಬ್ಬಳೇ. ಕುಕ್ಕರ್ ಕೂಗಿದ್ದು, ಬಾಗಿಲು ಬಡಿದದ್ದು, ನಲ್ಲಿಯಲ್ಲಿ ನೀರು ಬಂದದ್ದು ಎಲ್ಲ ಅವಳೇ ಕೇಳಿಸಿಕೊಳ್ಳಬೇಕು, ಅವ್ವನಿಗೆ ಕೇಳದು.

ಅವ್ವ ಉಚ್ಚೆಂಗೆಮ್ಮ ಉಜ್ಜನಪ್ಪನವರ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತೊಂದು ವರ್ಷದಿಂದ ದುಡಿಯುವವಳು. ಕಾದ ಉಸುಕಿನ ಬಾಣಲೆಗೆ ಅಕ್ಕಿ ಸುರಿದು, ಅರಳಿದ ತಕ್ಷಣ ಜರಡಿಗೆ ಎಳೆದು, ಉಸುಕು ಬೇರೆ ಮಂಡಕ್ಕಿ ಬೇರೆ ಮಾಡುವ ಕೆಲಸ. ಗಂಡ ಮಾರಣ್ಣ ತೀರಿಕೊಂಡು ಒಂಬತ್ತು ವರ್ಷ. ಇರುವ ಎರಡು ಕೋಣೆಯ ಮನೆಯೂ ಭಟ್ಟಿಯ ಗೋಡೆಗೆ ಆತುಕೊಂಡೇ ಇದೆ, ಸಾವ್ಕಾರರು ಕೊಟ್ಟದ್ದು. ಭಟ್ಟಿಗೆ ಹಗಲೊಂದು ಪಾಳಿ, ರಾತ್ರಿಯೊಂದು ಪಾಳಿ. ಉಸುಕು ಆರಿದರೆ ಮತ್ತೆ ಕಾಯಿಸಲು ಅರ್ಧ ದಿನ ಹಿಡಿಯುತ್ತದೆ ಅಂತ ಬೆಂಕಿ ಆರಿಸುವ ಮಾತೇ ಇಲ್ಲ. ತಿಂಗಳಿಗೊಂದು ಅಮಾವಾಸ್ಯೆ ಮಾತ್ರ ರಜೆ, ಅದೂ ಸಂಜೆಯವರೆಗೆ. ಆ ದಿನ ಭಟ್ಟಿಯ ಹೆಂಗಸರೆಲ್ಲ ಸೇರಿ ಒಂದು ಟೆಂಪೊ ಮಾಡಿಕೊಂಡು ಉಕ್ಕಡಗಾತ್ರಿಗೆ ಹೋಗಿ, ಹೊಳೆಯಲ್ಲಿ ಮಿಂದು, ಅಲ್ಲಿನ ಗದ್ದುಗೆಯ ಅಜ್ಜಯ್ಯನ ದರ್ಶನ ಮಾಡಿಕೊಂಡು ಬರುವುದು ಹಿಂದಿನಿಂದ ಬಂದ ಪದ್ಧತಿ. ಸುಧಾಳೂ ಅವ್ವನ ಮಡಿಲಲ್ಲಿದ್ದಾಗಿನಿಂದ ಹೋಗುತ್ತಿದ್ದವಳೇ, ಒಂದು ಅಮಾವಾಸ್ಯೆ ತಪ್ಪಿಸಿದ ನೆನಪಿಲ್ಲ.

ಭಟ್ಟಿಯ ಬೆಂಕಿಗೆ ಗಾಳಿ ಊದುವ ಬ್ಲೋಯರಿನ ಮುಂದೆ ನಿಂತೂ ನಿಂತೂ ಉಚ್ಚೆಂಗೆಮ್ಮನ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಕೇಳಿದವರಿಗೆ, ಕಿವಿ ಹೋದರೆ ಹೋಗಲಿ ಕೈ ಗಟ್ಟಿ ಇದಾವಲ್ಲ ಅಂತ ನಕ್ಕುಬಿಡುವಳು. ಹಾಗಾಗಿ ಆ ಮನೆಯಲ್ಲಿ ಮಾತು ಅಂದರೆ ಕೂಗು. ಉಂಡೆಯಾ, ಮಲಗು, ಸೋಪು ಎಲ್ಲೈತೆ, ಎಲ್ಲವೂ ಮೂರು ಮನೆಗೆ ಕೇಳುವಂತೆ. ಓಣಿಗೆ ಹೊಸದಾಗಿ ಬಂದವರು ತಾಯಿ ಮಗಳು ದಿನಾ ಜಗಳ ಆಡುತ್ತಾರೆ ಅಂದುಕೊಳ್ಳುತ್ತಿದ್ದರು.

ಇರಲಿ, ಹೆಡ್‌ಫೋನಿಗೆ ಬರೋಣ. ಸುಧಾ ತನ್ನ ಪದ್ಧತಿಯಂತೆ ನೂರಾರು ಸಲ ಕೇಳಿದ್ದ ಒಂದು ವಚನದ ಹಾಡನ್ನು ಹಾಕಿಕೊಂಡು ಕೂತಳು. ಅಂಗಡಿಯಲ್ಲಿ ಕೂತು ಈ ಕೆಲಸ ಮಾಡುವವಳಲ್ಲ, ಅಲ್ಲಿ ರಸ್ತೆಯ ಗದ್ದಲ. ಮನೆಯಲ್ಲಾದರೆ ನಿಶ್ಶಬ್ದ ಅನ್ನುವುದು ಅವಳ ನಂಬಿಕೆ. ಎಲ್ಲ ಚೆನ್ನಾಗಿತ್ತು, ಆದರೆ ತಾಳದ ಕಿಣಿಕಿಣಿ, ಹಾಡುವವರ ಸ, ಶ, ಉಸಿರು, ಇಂಥ ಸಣ್ಣ ಸದ್ದೆಲ್ಲ ಮುಸುಕು ಹೊದ್ದಂತೆ ಅನಿಸಿತು. ಬಲಗಡೆಯ ಪಟ್ಟಿಗಳನ್ನು ಏರಿಸಿದಳು. ಸಾಲಲಿಲ್ಲ. ಇನ್ನಷ್ಟು ಏರಿಸಿದಳು. ಆರು ಸಾವಿರ ಹರ್ಟ್ಸಿನಿಂದಾಚೆಯ ಮೂರು ಪಟ್ಟಿಗಳು ಹೆಚ್ಚುಕಡಿಮೆ ತುದಿ ಮುಟ್ಟಿದ ಮೇಲೆ ತಾಳ ತಾಳದಂತೆ ಕೇಳಿತು. ಅದನ್ನೇ ಹೆಮ್ಮೆಯಿಂದ ಚಾನೆಲ್ಲಿನಲ್ಲಿ ಹಾಕಿದಳು.

ಹಾಕಿದ ಮೂರನೆಯ ದಿನದಿಂದ ದೂರು ಶುರು. ಅಕ್ಕ, ನಿಮ್ಮ ಸೆಟ್ಟಿಂಗಿನಲ್ಲಿ ಕಿವಿ ಚುಚ್ಚುತ್ತದೆ ಅಂತ ಒಬ್ಬ. ಸ ಬಂದಾಗೆಲ್ಲ ಹಲ್ಲು ಜುಮ್ಮೆನ್ನುತ್ತದೆ ಅಂತ ಇನ್ನೊಬ್ಬಳು. ಶಾಮನೂರಿನವನೊಬ್ಬ ಅದೆಲ್ಲ ಬಿಟ್ಟು, ನಿಮ್ಮ ವಿಡಿಯೊದಲ್ಲಿ ಯಾವಾಗಲೂ ಮಳೆ ಸುರಿಯುತ್ತಿರುತ್ತದಲ್ಲ, ಯಾವೂರು ನಿಮ್ಮದು ಅಂತ ಕೇಳಿದ್ದ. ಅವನದು ತಲೆಹರಟೆ ಅಂತ ಬಿಟ್ಟಳು. ಮಿಕ್ಕವರಿಗೆ, ಒಂದು ವಾರ ಕೇಳ್ರಿ, ಕಿವಿ ಪಳಗುತ್ತದೆ ಅಂತ ಬರೆದಳು. ಆಮೇಲೂ ನಿಲ್ಲದಿದ್ದಾಗ ಸಿಟ್ಟು ನೆತ್ತಿಗೇರಿ, ಕುಣಿಯಕ್ಕೆ ಬರದವರು ನೆಲ ಡೊಂಕು ಅಂದರಂತೆ ಅಂತ ಗಾದೆಯನ್ನೇ ಎಸೆದಳು. ನೋಡಿ ಮತ್ತೆ, ಗಾದೆ ಎಸೆಯುವಾಗ ಅದು ಯಾರ ತಲೆಗೆ ಬೀಳುತ್ತದೆ ಅಂತ ಎಸೆದವರಿಗೆ ಗೊತ್ತಿರುವುದಿಲ್ಲ.

ಚಾನೆಲ್ಲಿನ ಮಾತಾಗಿದ್ದರೆ ಹೋಗಲಿ ಅನ್ನಬಹುದಿತ್ತು. ಆದರೆ ಅದೇ ಕಿವಿಯಿಂದಲೇ ಅವಳಿಗೆ ಹರಿಹರದಲ್ಲಿ ಒಂದು ಕೆಲಸ ಹತ್ತಿರ ಬಂದಿತ್ತು. ಅಲ್ಲಿ ಬಸವಕಿರಣ್ ಅನ್ನುವವರು ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪಾಠಗಳನ್ನು ಓದಿಸಿ ರೆಕಾರ್ಡು ಮಾಡುವ ಸಣ್ಣ ಸಂಸ್ಥೆ ನಡೆಸುತ್ತಾರೆ. ಇವಳ ಚಾನೆಲ್ಲು ನೋಡಿ ಮೆಚ್ಚಿ, ರೆಕಾರ್ಡಾದ ಪಾಠಗಳನ್ನು ಕೇಳಿ ತಿದ್ದಿಕೊಡ್ರಿ ಅಂದಿದ್ದರು. ಓದಿದವರ ದನಿ ಎಲ್ಲಿ ಮಂಕಾಗಿದೆ, ಎಲ್ಲಿ ಕಿರುಚಿದೆ ನೋಡಿ, ಮಕ್ಕಳು ಒಂದು ತಾಸು ಕೇಳಿದರೂ ಕಿವಿ ದಣಿಯದಂತೆ ಹದ ಮಾಡಿ ಕಳಿಸಬೇಕು. ಮೂರು ತಿಂಗಳು ಪರೀಕ್ಷೆ, ಆಮೇಲೆ ಕಾಯಂ. ಸುಧಾಳಿಗೆ ಅದು ಬರೀ ಸಂಬಳವಾಗಿರಲಿಲ್ಲ. ಎಸ್ಸೆಸ್ಸೆಲ್ಸಿಯ ಆಚೆ ಓದದ, ಭಟ್ಟಿಯವಳ ಮಗಳಿಗೆ ಇದ್ದ ಒಂದೇ ಒಂದು ಗುಣವನ್ನು ಯಾರೋ ಕರೆದು ಕೆಲಸ ಅಂದಿದ್ದರು. ಅವಳು ಆ ಖುಷಿಯಲ್ಲಿ ಎರಡು ತಿಂಗಳು ಅದೇ ಓಪನ್ ಬ್ಯಾಕ್ ಹಾಕಿಕೊಂಡು, ಊಟ ನಿದ್ದೆ ಮರೆತು, ಮಂಕೆನಿಸಿದಲ್ಲೆಲ್ಲ ತೆಳು ದನಿ ಏರಿಸಿ, ಇಪ್ಪತ್ತು ಪಾಠ ತಿದ್ದಿದಳು.

ಮೂರನೆಯ ತಿಂಗಳು ಬಸವಕಿರಣ್ ಫೋನು ಮಾಡಿ ಒಮ್ಮೆ ಬಂದು ಹೋಗ್ರಿ ಅಂದರು. ಕಾಯಂ ಮಾಡುವ ಮಾತೇ ಇರಬೇಕು ಅಂತ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದಳು. ಅವರು ಅವಳನ್ನು ರೆಕಾರ್ಡಿಂಗ್ ಕೋಣೆಯಲ್ಲೇ ಕೂರಿಸಿದರು. ಗೋಡೆಗೆಲ್ಲ ದಪ್ಪ ಕೌದಿ ತೂಗುಹಾಕಿದ, ಕಿಟಕಿಯಿಲ್ಲದ ಕೋಣೆ. ಪಕ್ಕದಲ್ಲಿ ಯೋಗರಾಜ್ ಕೂತಿದ್ದ. ಹುಟ್ಟಿನಿಂದ ಕಣ್ಣು ಕಾಣದವನು, ತಯಾರಾದ ಪಾಠಗಳನ್ನೆಲ್ಲ ಮೊದಲು ಕೇಳುವವನು ಅವನೇ.

ಬಸವಕಿರಣ್ ಸುತ್ತಿ ಬಳಸಿ ಮಾತಾಡಿದರು. ಕೆಲಸದ ಶ್ರದ್ಧೆ ಹೊಗಳಿದರು, ಚಹಾ ತರಿಸಿದರು. ಕೊನೆಗೆ ವಿಷಯಕ್ಕೆ ಬಂದವನು ಯೋಗರಾಜನೇ.

"ಮೇಡಂ, ಬ್ಯಾಸರ ಮಾಡ್ಕಬ್ಯಾಡ್ರಿ. ನೀವು ತಿದ್ದಿದ ಪಾಠ ಮಕ್ಳು ಹತ್ ನಿಮಿಷ ಕೇಳಿ ತೆಗೆದು ಇಡ್ತಾವೆ. ಸೂಜಿ ಚುಚ್ಚಿದಂಗೆ ಆಗತ್ತಂತೆ. ನಂಗೂ ಹಂಗೇ ಆಗತ್ತೆ."

ಸುಧಾ ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟಳು. ಚಾನೆಲ್ಲಿನವರಿಗೆ ಎಸೆದಂತೆ ಗಾದೆ ಎಸೆಯಲು ಇಲ್ಲಿ ಬಾಯಿ ಬರಲಿಲ್ಲ. ಕಿವಿಯನ್ನೇ ನಂಬಿ ಬದುಕುವವನು ಹೇಳಿದ ಮಾತು, ಅದಕ್ಕೆ ಎದುರಾಡುವುದು ಹೆಂಗೆ? ಬಸವಕಿರಣ್ ದನಿ ತಗ್ಗಿಸಿ, ಇನ್ನೂ ಇಬ್ಬರಿಗೆ ಕೇಳಿಸಿದ್ದಾಗಿ, ಅವರೂ ಅದನ್ನೇ ಅಂದದ್ದಾಗಿ ಹೇಳಿದರು. ಆಮೇಲೆ ಮೇಜಿನ ಕಡೆ ನೋಡುತ್ತಾ, "ಒಂದ್ಸಲ ಕಿವಿ ತೋರಿಸ್ಕಳ್ರಿ ಸುಧಾ. ಇದು ಯಾರಿಗಾದ್ರೂ ಆಗೋದೇ" ಅಂದರು.

ತೆಳು ದನಿ ಕೇಳದವರು ಅದನ್ನೇ ಏರಿಸುತ್ತಾ ಹೋಗುತ್ತಾರೆ, ಮಿಕ್ಕವರಿಗೆ ಅದು ಚುಚ್ಚುತ್ತದೆ. ಅವರು ಇಷ್ಟನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ, ಸುಧಾ ತನ್ನ ಚಾನೆಲ್ಲಿನಲ್ಲೇ ಎಷ್ಟೋ ಸಲ ಹೇಳಿದ್ದ ಪಾಠ ಅದು. ಅದಕ್ಕೆ ಸರಿಯಾಗಿ ಆ ಕೋಣೆಯಲ್ಲಿ ಕೂತಷ್ಟು ಹೊತ್ತೂ ಅವಳ ಎರಡೂ ಕಿವಿಗೆ ಹತ್ತಿ ತುರುಕಿದಂತೆ ಗವ್ ಅನ್ನುತ್ತಿತ್ತು, ಕಿವಿ ಹೋಗುವುದು ಅಂದರೆ ಹೀಗೇ ಇರಬೇಕು ಅನಿಸಿತು. ಬಸವಕಿರಣ್ ಒಳ್ಳೆಯವರು, ತಟಕ್ಕನೆ ಬಾಗಿಲು ಹಾಕಲಿಲ್ಲ. ಒಂದು ಪಾಠ ಕೊಟ್ಟು, ಅಮಾವಾಸ್ಯೆಯ ಮಾರನೆಯ ದಿನದೊಳಗೆ ಇದನ್ನೊಂದು ಮತ್ತೆ ತಿದ್ದಿ ಕಳಿಸ್ರಿ, ಆಗದಿದ್ದರೆ ಬೇರೆಯವರಿಗೆ ಹೇಳಬೇಕಾಗುತ್ತೆ ಅಂದರು. ಸುಧಾ ತಲೆ ಆಡಿಸಿ ಎದ್ದಳು.

ಆ ಐದು ದಿನ ಅವಳು ಪಟ್ಟ ಪಾಡು ಶತ್ರುವಿಗೂ ಬೇಡ. ಅಂಗಡಿಯಲ್ಲಿ ಗಿರಾಕಿಗೆ "ಏನಂದ್ರಿ?" ಅಂತ ಎರಡನೆಯ ಸಲ ಕೇಳಿದರೆ ಎದೆ ಧಸಕ್ಕೆನ್ನುವುದು. ಮೊದಲೂ ಕೇಳುತ್ತಿದ್ದಳು, ಆಗ ಲೆಕ್ಕ ಇಟ್ಟಿರಲಿಲ್ಲ. ಹಿಂದಿನ ಹೆಡ್‌ಫೋನುಗಳಿಗೆಲ್ಲ ತಾನು ಕೊಟ್ಟ ಅಳತೆ ಸರಿಯಿತ್ತು, ಜನ ಹೊಗಳಿದ್ದರು. ಇದು ಮಾತ್ರ ತಪ್ಪಾಗಿದೆ ಅಂದರೆ ಕಿವಿ ಈಚೆಗೆ, ಈ ಮೂರು ತಿಂಗಳಲ್ಲೇ, ಕೈಕೊಟ್ಟಿದೆ. ಅವ್ವನದೂ ಹೀಗೇ ಶುರುವಾಗಿರಬೇಕು. ಕಿವಿ ಡಾಕ್ಟರ ಬೋರ್ಡಿನ ಮುಂದೆ ಎರಡು ಸಲ ಹೋಗಿ ಎರಡು ಸಲವೂ ಹಾಗೇ ಮುಂದೆ ನಡೆದಳು. ಒಳಗೆ ಹೋದರೆ ಅದು ನಿಜ ಆಗಿಬಿಡುತ್ತದೆ, ಹೋಗದಿದ್ದರೆ ಇನ್ನೂ ಎರಡು ದಿನ ಬರೀ ಅನುಮಾನ ಆಗಿರುತ್ತದೆ. ಇದು ಹುಚ್ಚುತನ ಅಂತ ಅವಳಿಗೂ ಗೊತ್ತು. ಹೆದರಿದವರ ಬುದ್ಧಿ ಹೀಗೇ ಓಡುವುದು, ಏನು ಮಾಡೋದು.

ಅವ್ವನ ಮಡಿಲಲ್ಲಿ ತಲೆಯಿಟ್ಟು ಹೇಳಿಕೊಂಡು ಅಳಬೇಕು ಅನಿಸಿತು. ಆದರೆ ಅವ್ವನಿಗೆ ಹೇಳುವುದು ಅಂದರೆ ಓಣಿಗೆಲ್ಲ ಸಾರಿದಂತೆ. ಗುಟ್ಟನ್ನೂ ಕೂಗಿ ಹೇಳಬೇಕಾದ ಮನೆ ಅದು. ಅವ್ವ ಎರಡು ಸಲ, ಯಾಕ ಮೋರೆ ಸಪ್ಪಗೈತೆ ಅಂತ ಕೇಳಿದಳು. ಸುಧಾ ಎರಡು ಸಲವೂ, ಏನಿಲ್ಲ ಅಂತ ಗಟ್ಟಿಯಾಗಿ ಅಂದಳು.

ಅಮಾವಾಸ್ಯೆ ಬಂತು. ಬೆಳಗ್ಗೆ ಆರಕ್ಕೇ ಟೆಂಪೊ ಬಂದು ನಿಂತಿತ್ತು. ಉಚ್ಚೆಂಗೆಮ್ಮ ತೆಂಗಿನಕಾಯಿ ಚೀಲ ಹಿಡಿದು ನೋಡುತ್ತಾಳೆ, ಮಗಳು ಸ್ನಾನವೇ ಮಾಡಿಲ್ಲ. ಬರಲ್ವೇನೆ ಅಂದಳು. "ಕೆಲ್ಸ ಐತವ್ವ! ನೀ ಹೋಗು!" ಅಂತ ಸುಧಾ ಕೂಗಿದಳು. ಉಚ್ಚೆಂಗೆಮ್ಮ ಇನ್ನೇನೋ ಕೇಳಲು ಬಾಯಿ ತೆರೆದವಳು ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ಟೆಂಪೊ ಹೋದ ಮೇಲೆ ಸುಧಾ ಮುಖ ತೊಳೆದು, ಬಾಗಿಲು ಹಾಕಿ, ಹೆಡ್‌ಫೋನು ಹಾಕಿಕೊಂಡು ಹರಿಹರದವರು ಕೊಟ್ಟ ಪಾಠ ತೆಗೆದಳು. ಮೊದಲು ತಾನು ಹಿಂದೆ ತಿದ್ದಿದ್ದನ್ನೇ ಹಾಕಿದಳು. ನಾಲ್ಕನೆಯ ತರಗತಿಯ ವಿಜ್ಞಾನ, ಬೀಜ ಮೊಳೆಯುವ ಪಾಠ.

"ಸಸಿ" ಅನ್ನುವ ಮಾತು ಬಂತು. ಸುಧಾ, ಅಯ್ಯವ್ವಾ ಅಂತ ಹೆಡ್‌ಫೋನು ಕಿತ್ತು ಹಾಸಿಗೆಯ ಮೇಲೆ ಎಸೆದಳು.

ನಿಜಕ್ಕೂ ಸೂಜಿ. ಯೋಗರಾಜ ಹೇಳಿದಂತೆ, ಒಂದಲ್ಲ, ಎರಡು ಕಿವಿಗೆ ಎರಡು. ಹೆಡ್‌ಫೋನು ಕೆಟ್ಟಿತು ಅಂದುಕೊಂಡಳು. ವೈರು ತೆಗೆದು ಒರೆಸಿ ಮತ್ತೆ ಚುಚ್ಚಿದಳು. ಮತ್ತೆ ಅದೇ. ನಿನ್ನೆ ಸಂಜೆ ಸರಿಯಿದ್ದದ್ದು ಇವತ್ತಿಗೆ ಏನಾಯಿತು ಅಂತ ಕೂತು ಯೋಚಿಸುವಾಗ ಎಲ್ಲಿಂದಲೋ ಟಿಕ್ ಟಿಕ್ ಅನ್ನುವುದು ಕೇಳಿತು. ಸುತ್ತ ನೋಡಿದಳು. ಗೋಡೆಯ ಗಡಿಯಾರ. ಅಪ್ಪ ಇದ್ದಾಗ ತಂದದ್ದು, ಸದ್ದು ಮಾಡದ ಗಡಿಯಾರ ಅಂತ ಅವಳು ಇಷ್ಟು ವರ್ಷ ನಂಬಿದ್ದದ್ದು. ತಗಡಿನ ಮೇಲೆ ಕಾಗೆ ನಡೆದದ್ದು ಹೆಜ್ಜೆ ಹೆಜ್ಜೆಯಾಗಿ ಕೇಳಿತು. ಹಿಂದಿನ ಮನೆಯಲ್ಲಿ ಯಾರೋ ತಟ್ಟೆ ಉಜ್ಜುತ್ತಿದ್ದರು. ಹರಿಹರದ ಕೋಣೆಯಲ್ಲಿ ಆಗಿದ್ದಂತೆ ಕಿವಿಯೊಳಗೆ ಹತ್ತಿ ತುರುಕಿದ ಹಾಗೆ ಗವ್ ಅನ್ನುವುದೂ ಇತ್ತು, ಆದರೆ ಕಿವಿ ಕೆಟ್ಟಿದ್ದರೆ ಕಾಗೆಯ ಕಾಲು ಯಾಕೆ ಕೇಳಬೇಕು?

ಬಾಗಿಲು ತೆಗೆದು ಹೊರಗೆ ಬಂದಳು. ಭಟ್ಟಿಯ ಚಿಮಣಿಯಲ್ಲಿ ಹೊಗೆ ಇಲ್ಲ. ಒಳಗೆ ಉಜ್ಜನಪ್ಪನವರು ಒಬ್ಬರೇ ಪಂಚೆ ಎತ್ತಿ ಕಟ್ಟಿಕೊಂಡು, ತಣ್ಣಗಾದ ಒಲೆಗೆ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದರು. ಇವಳನ್ನು ನೋಡಿ, ಉಕ್ಕಡಗಾತ್ರಿಗೆ ಹೋಗಲಿಲ್ಲವೇನಮ್ಮ ಅಂದರು. ಮೆಲ್ಲಗೇ ಅಂದರು, ಅಂಗಳದ ಆ ತುದಿಯಿಂದ. ಭಟ್ಟಿ ನಡೆಯುವ ದಿನ ಅಷ್ಟು ದೂರದ ಮಾತು ಕೈಸನ್ನೆಯಿಲ್ಲದೆ ತಿಳಿಯುವುದೇ ಇಲ್ಲ.

ಆಗ ಹೊಳೆಯಿತು ಹುಡುಗಿಗೆ. ಉಸುಕಿನಲ್ಲಿ ಅಕ್ಕಿ ಅರಳುವ ಚರ್ರನೆಯ ಸದ್ದು, ಬ್ಲೋಯರಿನ ಸುಯ್ಯನೆಯ ಸದ್ದು, ಹಗಲೂ ರಾತ್ರಿ, ಅವಳು ಹುಟ್ಟಿದಾಗಿನಿಂದ. ಅದನ್ನು ಅವಳು ಸದ್ದು ಅಂತಲೇ ಲೆಕ್ಕ ಹಿಡಿದಿರಲಿಲ್ಲ, ಅವಳ ಪಾಲಿಗೆ ನಿಶ್ಶಬ್ದ ಅಂದರೆ ಅದೇ. ಹರಿಹರದ ಕೋಣೆಯಲ್ಲಿ ಗವ್ ಅಂದದ್ದು ನಿಜವಾದ ನಿಶ್ಶಬ್ದ. ಮುಚ್ಚಿದ ಹೆಡ್‌ಫೋನುಗಳು ಅದನ್ನು ಆಚೆಗೇ ತಡೆಯುತ್ತಿದ್ದವು. ಓಪನ್ ಬ್ಯಾಕಿನ ಜಾಲರಿಯಲ್ಲಿ ಅದು ನೇರ ಒಳಗೆ ನುಗ್ಗಿ ತಾಳವನ್ನೂ ಸ, ಶ ಗಳನ್ನೂ ನುಂಗಿ ಹಾಕಿತ್ತು. ಭಟ್ಟಿ ನುಂಗಿದ್ದನ್ನು ಇವಳು ಹೆಡ್‌ಫೋನಿನ ಕುಂದು ಅಂತ ತಿಳಿದು ಪಟ್ಟಿ ಏರಿಸುತ್ತಾ ಹೋಗಿದ್ದಳು. ಭಟ್ಟಿ ಸುಮ್ಮನಿರುವ ತಿಂಗಳ ಒಂದೇ ಒಂದು ದಿನ ಇವಳು ಉಕ್ಕಡಗಾತ್ರಿಯ ಹೊಳೆಯಲ್ಲಿ ಮೀಯುತ್ತಿದ್ದಳು, ದಣಿದು ಬಂದು ಮಲಗಿ ಏಳುವಷ್ಟರಲ್ಲಿ ಮತ್ತೆ ಭಟ್ಟಿ ಶುರುವಾಗಿರುತ್ತಿತ್ತು. ಶಾಮನೂರಿನವನು ಕೇಳಿದ ಮಳೆಯೂ ಇದೇ. ಅವನಿಗೆ ಕೇಳಿದ್ದು ಇವಳಿಗೆ ಕೇಳಿರಲಿಲ್ಲ, ಹನ್ನೊಂದು ಸಾವಿರ ಜನರ ಮುಂದೆ ಕಿವಿಯ ಜಂಬ ಕೊಚ್ಚಿಕೊಂಡವಳಿಗೆ.

ಒಳಗೆ ಓಡಿ ಫೋನಿನಲ್ಲಿ ಸೀಟಿಯಂಥ ದನಿಗಳನ್ನು ಒಂದೊಂದಾಗಿ ಹಾಕಿ ನೋಡಿದಳು. ನಾಲ್ಕು ಸಾವಿರ ಹರ್ಟ್ಸ್, ಕೇಳಿತು. ಎಂಟು ಸಾವಿರ, ಕೇಳಿತು. ಹನ್ನೆರಡು, ಹದಿನಾಲ್ಕು, ಸೊಳ್ಳೆಯ ಹಾಗೆ ಸಣ್ಣಗೆ, ಆದರೂ ಕೇಳಿತು. ಎಡಕ್ಕೂ ಕೇಳಿತು, ಬಲಕ್ಕೂ ಕೇಳಿತು. ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡು ಜೋರಾಗಿ ಅತ್ತಳು. ಐದು ದಿನ ತಡೆದದ್ದಲ್ಲವೇ, ಬರಲಿ ಬಿಡಿ.

ಆಮೇಲೆ ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ. ಹೆಡ್‌ಫೋನಿನ ಪಟ್ಟಿಗಳನ್ನೆಲ್ಲ ಕೆಳಗಿಳಿಸಿ ಹೊಸದಾಗಿ ಹದ ಮಾಡಿದಳು. ಅದಕ್ಕೆ ಬೇಕಾಗಿದ್ದದ್ದು ತಳದಲ್ಲಿ ಒಂದಿಷ್ಟು ತುಂಬುವುದು, ಮೇಲೆ ಒಂದು ಕಡೆ ಚೂರು ತಗ್ಗಿಸುವುದು, ಅಷ್ಟೆ. ಎರಡೂವರೆ ಸಾವಿರಕ್ಕೆ ಅಷ್ಟು ಒಳ್ಳೆಯ ಹೆಡ್‌ಫೋನಿಗೆ ಇಲ್ಲದ ಕುಂದು ಹೊರಿಸಿದ್ದೆನಲ್ಲ ಅಂತ ನಾಚಿಕೆಯಾಯಿತು. ಪಾಠವನ್ನು ತಿದ್ದಿ ಕಳಿಸಿದಳು. ಎರಡು ಗಂಟೆಗೆ ಬಸವಕಿರಣ್ ಫೋನು ಬಂತು. ಯೋಗರಾಜ ಪೂರ್ತಿ ಕೇಳಿದನಂತೆ, ಮತ್ತೆ ಮೊದಲಿನಿಂದ ಹಾಕಿಸಿಕೊಂಡನಂತೆ. ಏನು ಮಾಡಿದ್ರಿ ಅಂತ ಕೇಳಿದರು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಭಟ್ಟಿಯಿಂದ ಉಕ್ಕಡಗಾತ್ರಿಯವರೆಗೆ ಎಲ್ಲ ಹೇಳಿದಳು. ಅವರು ನಕ್ಕು ನಕ್ಕು ಸುಸ್ತಾಗಿ, ಹಳೆಯ ಇಪ್ಪತ್ತನ್ನೂ ತಿದ್ದಬೇಕು, ವಾರಕ್ಕೆ ಮೂರು ದಿನ ಹರಿಹರದ ಕೋಣೆಗೇ ಬರ್ರಿ, ಕೆಲಸ ನಿಮ್ಮದೇ ಅಂದರು. ಚಾನೆಲ್ಲಿನವರ ಕ್ಷಮೆ ಕೇಳುವ ವಿಡಿಯೊ ನಾಳೆ ಮಾಡಬೇಕು ಅಂದುಕೊಂಡಳು. ಕುಣಿಯಕ್ಕೆ ಬರದವಳು ನಾನೇ ಅಂತ ಶುರು ಮಾಡುವುದೋ ಹೇಗೋ ಅಂತ ಇನ್ನೂ ತೀರ್ಮಾನ ಆಗಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಉಚ್ಚೆಂಗೆಮ್ಮ ಬಂದಳು. ಮಗಳ ಹಣೆಗೆ ವಿಭೂತಿ ಹಚ್ಚಿ, ಉಂಡೆಯೇನೇ ಅಂದಳು. ಸುಧಾ ಉಂಡಿರಲಿಲ್ಲ. ಅವ್ವನ ಕಿವಿಯ ಕಡೆಗೇ ಅವಳ ಕಣ್ಣು ಹೋಯಿತು. ತನ್ನ ಕಿವಿ ಹೋಗಿದೆ ಅನ್ನುವ ಹೆದರಿಕೆಯಲ್ಲಿ ಐದು ದಿನ ಸತ್ತು ಹೋಗಿದ್ದಳು. ಅವ್ವ ನಿಜವಾಗಿ ಕಿವಿ ಕಳೆದುಕೊಂಡು ಎಷ್ಟು ವರ್ಷವಾಯಿತು, ಒಂದು ದಿನ ಎಷ್ಟು ಹೋಗಿದೆ ಅಂತ ಯಾರಾದರೂ ಕೇಳಿದ್ದುಂಟೇ? ಊರಿಗೆಲ್ಲ ಹೆಡ್‌ಫೋನು ಅಳೆದು ಕೊಟ್ಟವಳು ಮನೆಯವಳ ಕಿವಿ ಅಳೆದಿರಲಿಲ್ಲ.

ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ ಹೆಡ್‌ಫೋನು ಹಾಕಿದಳು. ಸದ್ದು ಕೇಳಿದರೆ ಬೆರಳೆತ್ತು ಅಂತ ಕೈಸನ್ನೆ ಮಾಡಿದಳು. ಸಾವಿರ ಹರ್ಟ್ಸಿಗೆ ಉಚ್ಚೆಂಗೆಮ್ಮ ಬೆರಳೆತ್ತಿದಳು. ಎರಡು ಸಾವಿರಕ್ಕೆ ಸ್ವಲ್ಪ ತಡೆದು ಎತ್ತಿದಳು. ಮೂರು ಸಾವಿರಕ್ಕೆ ಸದ್ದು ಬಹಳ ಏರಿಸಿದ ಮೇಲೆ ಎತ್ತಿದಳು. ನಾಲ್ಕು ಸಾವಿರಕ್ಕೆ ಎತ್ತಲಿಲ್ಲ. ಪಕ್ಕದಲ್ಲಿ ಕೂತ ಸುಧಾಳಿಗೆ ಜಾಲರಿಯಿಂದ ಸೀಟಿ ಸ್ಪಷ್ಟ ಕೇಳುತ್ತಿತ್ತು. ಅವ್ವನ ಕಿವಿಯ ಮೇಲೇ ಕೂತು ಕೂಗುತ್ತಿದ್ದ ಸೀಟಿ. ಅವ್ವ ಮಾತ್ರ ಬೆರಳು ಮಡಿಚಿಟ್ಟುಕೊಂಡು, ಈಗ ಬರುತ್ತದೆ, ಈಗ ಬರುತ್ತದೆ ಅಂತ ಮಗಳ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು. ಸುಧಾ ಅದನ್ನು ನಿಲ್ಲಿಸಿಬಿಟ್ಟಳು, ನೋಡಲಾಗಲಿಲ್ಲ.

ಆಮೇಲೆ ಫೋನಿನಲ್ಲಿ ಹಳೆಯ ಅಳತೆಯನ್ನು ಹುಡುಕಿ ತೆಗೆದಳು. ಊರೆಲ್ಲ ಬೈದದ್ದು, ಮಕ್ಕಳ ಕಿವಿ ಚುಚ್ಚಿದ್ದು, ಬಲಗಡೆಯ ಪಟ್ಟಿಗಳೆಲ್ಲ ತುದಿಗೇರಿದ್ದು. ನಾಲ್ಕು ಸಾವಿರದ್ದನ್ನೂ ಅವುಗಳ ಸಮಕ್ಕೆ ಎತ್ತಿದಳು. ಹಾಕಲು ಹಾಡು ಹುಡುಕುವಷ್ಟು ತಾಳ್ಮೆ ಇರಲಿಲ್ಲ, ಕೈಗೆ ಸಿಕ್ಕ ತನ್ನದೇ ಒಂದು ಹಳೆಯ ವಿಡಿಯೊ ಒತ್ತಿದಳು. ಉಚ್ಚೆಂಗೆಮ್ಮ ಮಗಳ ವಿಡಿಯೊ ನೋಡಿದ್ದಳು, ಬಾಯಿ ಆಡುವುದನ್ನು. ಕೇಳಿರಲಿಲ್ಲ.

ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಎರಡೂ ಕೈ ಎತ್ತಿ ಬಟ್ಟಲುಗಳನ್ನು ಕಿವಿಗೆ ಒತ್ತಿ ಹಿಡಿದಳು. ಪರದೆಯ ಮೇಲಿನ ಸುಧಾ ನಗುನಗುತ್ತಾ, ಮೆಲುವಾಗಿ, ಬರ್ರಿ, ಕೂಡ್ರಿ, ಇವತ್ತು ನಿಮಗೊಂದು ಒಳ್ಳೆ ಹೆಡ್‌ಫೋನ್ ತೋರಿಸ್ತೀನಿ ಅಂತ ಹೇಳುತ್ತಿದ್ದಳು. ಉಚ್ಚೆಂಗೆಮ್ಮ ಒಮ್ಮೆ ಫೋನು ನೋಡಿದಳು, ಒಮ್ಮೆ ಪಕ್ಕದಲ್ಲಿ ಕೂತ ಮಗಳನ್ನು ನೋಡಿದಳು. ವಿಡಿಯೊ ಮುಗಿಯಿತು.

"ಜನರ ಕೂಡ ಇಷ್ಟು ನಯವಾಗಿ ಮಾತಾಡ್ತೀಯೇನೆ ನೀನು?" ಅಂದಳು. ಮಗಳ ಮೆಲುದನಿ ಕೇಳಿದ್ದಕ್ಕೋ ಏನೋ, ಎಂದಿಗಿಂತ ಮೆಲ್ಲಗೆ. "ನನ್ ಕೂಡ ಯಾವಾಗ್ಲೂ ಬೈದಂಗೇ ಮಾತಾಡ್ತೀಯಲ್ಲ, ನಿಂಗೆ ನನ್ ಮ್ಯಾಲೆ ಸಿಟ್ಟು ಅನ್ಕಂಡಿದ್ದೆ. ಭಟ್ಟಿಯೋಳು ಅಂತ ನಾಚಿಕೆ ಇರಬೌದು ಅನ್ಕಂಡಿದ್ದೆ."

 ಅಯ್ಯೋ ಇಲ್ಲ ಕಣವ್ವ ಅಂತ ಬಾಯಿ ತೆರೆದ ಸುಧಾ ತಡೆದಳು. ಇಲ್ಲ ಅನ್ನುವುದನ್ನೂ ಕೂಗಿಯೇ ಹೇಳಬೇಕಲ್ಲ. ಕೂಗಿದರೆ ಅದು ಮತ್ತೆ ಬೈದಂತೆಯೇ ಆಗುತ್ತದಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವ್ವನಿಗೆ ಒಂದೇ ಒಂದು ಮಾತನ್ನೂ ಮೆಲ್ಲಗೆ ಹೇಳಿದ ನೆನಪು ಅವಳಿಗೆ ಬರಲಿಲ್ಲ.

ಫೋನಿನಲ್ಲಿ ರೆಕಾರ್ಡರ್ ಒತ್ತಿ, ಗೋಡೆಯ ಕಡೆ ತಿರುಗಿ, ಫೋನನ್ನು ತುಟಿಗೆ ಹತ್ತಿರ ಹಿಡಿದು, ಪಕ್ಕದ ಮನೆಗೂ ಕೇಳದಷ್ಟು ಮೆಲ್ಲಗೆ ಹೇಳಿದಳು.

"ಅವ್ವಾ, ನಂಗೆ ನಿನ್ ಮ್ಯಾಲೆ ಸಿಟ್ಟಿಲ್ಲ. ಯಾವತ್ತೂ ಇರ್ಲಿಲ್ಲ. ನಿಂಗೆ ಕೇಳ್ಲಿ ಅಂತ ಕೂಗ್ತಿದ್ದೆ ಕಣವ್ವ."

ತಿರುಗಿ ಅದನ್ನು ಹಾಕಿದಳು. ಉಚ್ಚೆಂಗೆಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೂ ಕೈ ಕಿವಿಯಿಂದ ತೆಗೆಯಲಿಲ್ಲ. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ.

"ಇನ್ನೊಂದ್ಸಲ ಹಾಕು" ಅಂದಳು.